ಕರಾಟೆ ಕಾದಾಟ: ಒದೆತದ ವೇಗ ಹೆಚ್ಚುವುದು ಹೇಗೆ?

ಕಂಪ್ಲಿ: ತುಂಗಭದ್ರಾ ಕಾಲುವೆಯ ನೀರುಂಡು ಭತ್ತ ಬೆಳೆಯುವ ಎಮ್ಮಿಗನೂರಿನಂತಹ ಊರುಗಳ ಹಿರಿಯರಿಗೆ ಕವಣೆಯ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ತೆನೆಗೆ ಮುತ್ತುವ ಹಕ್ಕಿಗಳನ್ನು ಓಡಿಸಲು ಹೊಲ ಕಾಯುವವರು ಬೀಸುತ್ತಿದ್ದ ಆ ಹಗ್ಗದ ಸಾಧನದಲ್ಲಿ ಕಲ್ಲು ದೂರ ಹಾರುತ್ತಿದ್ದುದು ಬರಿಯ ತೋಳ್ಬಲದಿಂದಲ್ಲ. ಸೊಂಟ ತಿರುಗಿ, ಹೆಗಲು ಹಿಂಬಾಲಿಸಿ, ಮುಂಗೈ ಬೀಸಿ, ಕಟ್ಟಕಡೆಗೆ ಹಗ್ಗದ ತುದಿ ಬಿಚ್ಚಿಕೊಳ್ಳುವ ಕ್ಷಣದಲ್ಲಿ ಇಡೀ ಮೈಯ ವೇಗವೆಲ್ಲ ಕಲ್ಲಿಗೆ ವರ್ಗವಾಗುತ್ತಿತ್ತು. ತೋಳನ್ನು ಬಿಗಿಹಿಡಿದು ಎಸೆದವನ ಕಲ್ಲು ಪಕ್ಕದ ಬದುವಿನಲ್ಲೇ ಬೀಳುತ್ತಿತ್ತು.

ಕರಾಟೆ ಕಲಿಯುವ ಮಕ್ಕಳು ಗುರುಗಳ ಮುಂದಿಡುವ ಪ್ರಶ್ನೆಗೆ ಉತ್ತರ ಈ ಕವಣೆಯಲ್ಲೇ ಇದೆ. 'ನನ್ನ ಒದೆತ ನಿಧಾನ. ಎದುರಾಳಿ ಪ್ರತಿ ಸಲವೂ ತಪ್ಪಿಸಿಕೊಳ್ಳುತ್ತಾನೆ. ವೇಗ ಹೆಚ್ಚಿಸುವುದು ಹೇಗೆ?' ಎಂಬುದೇ ಆ ಪ್ರಶ್ನೆ. ಹರಡಿಗೆ ಮರಳಿನ ಚೀಲ ಕಟ್ಟಿಕೊಂಡು ಒದೆಯುವುದು, ಸುಸ್ತಾಗುವವರೆಗೆ ನೂರಾರು ಬಾರಿ ಒದೆಯುವುದು, ಕಾಲನ್ನು ಬಲವಂತವಾಗಿ ಅಗಲಿಸುವುದು ಇವೇ ಸಾಮಾನ್ಯವಾಗಿ ಸಿಗುವ ಉತ್ತರಗಳು. ಈ ಮೂರೂ ವೇಗವನ್ನು ತರುವುದು ಅಪರೂಪ. ಮಂಡಿ ನೋವನ್ನು ತರುವುದು ಮಾತ್ರ ಸಾಮಾನ್ಯ.

ಎತ್ತರದ ಒದೆತದ ಹಿನ್ನೆಲೆ

ಕರಾಟೆಯ ತವರು ಜಪಾನಿನ ದಕ್ಷಿಣ ತುದಿಯ ಒಕಿನಾವಾ ದ್ವೀಪ. ಅಲ್ಲಿಯ ಶಿಕ್ಷಕ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೊದಲ್ಲಿ ಪ್ರದರ್ಶನ ನೀಡಿದ ಬಳಿಕ ಈ ವಿದ್ಯೆ ಜಪಾನಿನ ಮುಖ್ಯ ಭೂಮಿಯಲ್ಲಿ ಬೇರೂರಿತು. ಹಳೆಯ ಒಕಿನಾವಾ ಪದ್ಧತಿಯಲ್ಲಿ ಒದೆತಗಳು ಹೆಚ್ಚಾಗಿ ಸೊಂಟದ ಕೆಳಭಾಗಕ್ಕೇ ಸೀಮಿತವಾಗಿದ್ದವು. ಪಕ್ಕದಿಂದ ಬಾಗಿ ಬಂದು ತಲೆಯನ್ನು ತಾಕುವ 'ಮವಾಶಿ ಗೇರಿ'ಯಂತಹ ಒದೆತಗಳು ಜಪಾನಿನಲ್ಲಿ ಕ್ರಮೇಣ ಬೆಳೆದು ಬಂದವು. ಇಬ್ಬರು ಎದುರುಬದುರಾಗಿ ನಿಂತು ಸೆಣಸುವ 'ಕುಮಿಟೆ' ಕ್ರೀಡೆಯಾಗಿ ರೂಪುಗೊಂಡಂತೆ ಇವುಗಳ ಬೆಲೆಯೂ ಏರಿತು. ಮೊದಲ ವಿಶ್ವ ಚಾಂಪಿಯನ್‌ಷಿಪ್ 1970ರಲ್ಲಿ ಟೋಕಿಯೊದಲ್ಲೇ ನಡೆಯಿತು. 1994ರಿಂದ ಏಷ್ಯನ್ ಕ್ರೀಡಾಕೂಟದಲ್ಲಿ ಕರಾಟೆಗೆ ಸ್ಥಾನ ದೊರೆಯಿತು.

ವಿಶ್ವ ಕರಾಟೆ ಫೆಡರೇಷನ್ನಿನ ನಿಯಮದಂತೆ ಗುದ್ದಿಗೆ 1 ಅಂಕ, ಮುಂಡದ ಮೇಲಿನ ಒದೆತಕ್ಕೆ 2 ಅಂಕ, ತಲೆ ಅಥವಾ ಕತ್ತಿನ ಮಟ್ಟದ ಒದೆತಕ್ಕೆ 3 ಅಂಕ. ಅಂದರೆ ಒಂದು ಸರಿಯಾದ ಎತ್ತರದ ಒದೆತ ಮೂರು ಗುದ್ದುಗಳಿಗೆ ಸಮ. ಆದರೆ ಒದೆತ ಗುರಿ ಮುಟ್ಟಿದೊಡನೆ ಅಂಕ ಬರುವುದಿಲ್ಲ. ಭಂಗಿ ಸರಿಯಿರಬೇಕು, ಕ್ರೀಡಾ ಮನೋಭಾವವಿರಬೇಕು, ಪ್ರಯೋಗದಲ್ಲಿ ಬಿರುಸಿರಬೇಕು, ಸಮಯ ಮತ್ತು ಅಂತರ ಕೂಡಿ ಬರಬೇಕು. ಒದೆದ ಮೇಲೂ ಎಚ್ಚರ ತಪ್ಪಿರಬಾರದು. ಈ ಕೊನೆಯ ಗುಣವನ್ನು ಜಪಾನಿಗಳು 'ಝಾನ್‌ಶಿನ್' ಎನ್ನುತ್ತಾರೆ. ಒದ್ದು ಮುಗ್ಗರಿಸಿದವನಿಗೆ, ಒದ್ದು ಬೆನ್ನು ತಿರುಗಿಸಿದವನಿಗೆ ಅಂಕ ದಕ್ಕುವುದು ಕಷ್ಟ.

ಸೊಂಟದಿಂದ ಪಾದಕ್ಕೆ

ಒಂದು ಒದೆತದಲ್ಲಿ ನಾಲ್ಕು ಹಂತಗಳಿವೆ. ಮಂಡಿಯನ್ನು ಎತ್ತುವುದು, ಕಾಲನ್ನು ಚಾಚುವುದು, ಚಾಚಿದ್ದನ್ನು ಮತ್ತೆ ಮಡಿಸುವುದು, ನೆಲಕ್ಕೆ ಇಳಿಸುವುದು. ಹೊಸಬರ ಗಮನವೆಲ್ಲ ಎರಡನೆಯ ಹಂತದ ಮೇಲಿರುತ್ತದೆ. ನುರಿತವರು ಮೊದಲನೆಯದನ್ನೂ ಮೂರನೆಯದನ್ನೂ ತಿದ್ದುತ್ತಾರೆ.

ಚಲನೆ ಆರಂಭವಾಗುವುದು ಸೊಂಟದಿಂದ. ಸೊಂಟ ಮುನ್ನುಗ್ಗಿದಾಗ ತೊಡೆ ಅದನ್ನು ಹಿಂಬಾಲಿಸುತ್ತದೆ. ತೊಡೆಯ ವೇಗ ತಗ್ಗುವ ಹೊತ್ತಿಗೆ ಮಂಡಿಯ ಕೆಳಗಿನ ಭಾಗ ಚಾಟಿಯಂತೆ ಬಿಚ್ಚಿಕೊಳ್ಳುತ್ತದೆ. ದೊಡ್ಡ ಅಂಗದಿಂದ ಸಣ್ಣ ಅಂಗಕ್ಕೆ ವೇಗ ಹೀಗೆ ದಾಟಿಕೊಂಡು ಹೋಗಿ, ಪಾದ ಎಲ್ಲಕ್ಕಿಂತ ಹೆಚ್ಚು ವೇಗ ಪಡೆಯುತ್ತದೆ. ಕವಣೆಯ ಲೆಕ್ಕಾಚಾರವೂ ಇದೇ ಅಲ್ಲವೇ? ಇಡೀ ಕಾಲನ್ನು ಕೋಲಿನಂತೆ ನೆಟ್ಟಗೆ ಹಿಡಿದು ಬೀಸಿದರೆ ಈ ಸರಪಳಿ ತುಂಡಾಗುತ್ತದೆ. ಉದ್ದವಾದ, ಭಾರವಾದ ಕಾಲನ್ನು ಸೊಂಟವೊಂದೇ ಹೊತ್ತು ತಿರುಗಿಸಬೇಕಾಗುತ್ತದೆ. ಒದೆತ ನಿಧಾನವಾಗುವುದು ಅಲ್ಲಿಯೇ. ಆದ್ದರಿಂದ ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಸೆಳೆದುಕೊಂಡು, ಮಂಡಿಯನ್ನು ಚೆನ್ನಾಗಿ ಮಡಿಸಿ ಎತ್ತುವುದು ಮೊದಲ ಪಾಠ.

ಎರಡನೆಯದು, ನಿಂತ ಕಾಲು. ಪಕ್ಕದಿಂದ ಬೀಸುವ ಒದೆತದಲ್ಲಿ ನಿಂತ ಪಾದ ಮುಂಭಾಗದ ಮೇಲೆ ತಿರುಗಿ, ಹಿಮ್ಮಡಿ ಎದುರಾಳಿಯ ಕಡೆಗೆ ಬರಬೇಕು. ಹಾಗೆ ತಿರುಗಿದರೆ ಮಾತ್ರ ಸೊಂಟ ತೆರೆದುಕೊಳ್ಳುತ್ತದೆ, ಕಾಲಿಗೆ ಎತ್ತರ ಸಿಗುತ್ತದೆ. ಪಾದ ನೆಲಕ್ಕೆ ಅಂಟಿಕೊಂಡೇ ಉಳಿದು ಮೈ ಮಾತ್ರ ತಿರುಗಿದರೆ ಆ ತಿರುಚನ್ನು ಮಂಡಿಯೇ ತಾಳಿಕೊಳ್ಳಬೇಕು. ಮಂಡಿಯ ಕೀಲು ಮಡಿಸಲು ಮತ್ತು ಚಾಚಲು ಇರುವಂಥದ್ದು, ಹಿಂಡಲು ಇರುವಂಥದ್ದಲ್ಲ. ಹಲವು ಯುವಕರ ಮಂಡಿ ಸವೆಯುವುದು ಒದ್ದ ಕಾಲಿನಲ್ಲಲ್ಲ, ನಿಂತ ಕಾಲಿನಲ್ಲಿ ಎಂಬುದನ್ನು ಪೋಷಕರೂ ತಿಳಿದಿರಬೇಕು.

ಮೂರನೆಯದು, ಸಡಿಲತೆ. ತೊಡೆಯ ಮುಂಭಾಗದ ಸ್ನಾಯು ಕಾಲನ್ನು ಚಾಚುತ್ತದೆ, ಹಿಂಭಾಗದ ಸ್ನಾಯು ಮಡಿಸುತ್ತದೆ. ಒಂದು ದುಡಿಯುವಾಗ ಇನ್ನೊಂದು ಬಿಡಬೇಕು. ಹೆದರಿಕೆಯಿಂದಲೋ ಹಟದಿಂದಲೋ ಎರಡನ್ನೂ ಬಿಗಿಹಿಡಿದವನು ಒಂದು ಕಾಲು ವೇಗದ ಪೆಡಲಿನ ಮೇಲೆ, ಇನ್ನೊಂದು ಬ್ರೇಕಿನ ಮೇಲೆ ಇಟ್ಟು ಗಾಡಿ ಓಡಿಸುವವನಂತೆ. ಹೆಗಲು, ದವಡೆ, ಬೆರಳುಗಳನ್ನು ಸಡಿಲಬಿಟ್ಟು ನಿಲ್ಲುವುದು ಸೋಮಾರಿತನವಲ್ಲ, ವೇಗಕ್ಕೆ ಮಾಡಿಕೊಳ್ಳುವ ಸಿದ್ಧತೆ.

ಸುಳಿವು ಕೊಡದಿರುವುದೇ ಅರ್ಧ ವೇಗ

ಕಣ್ಣಿಗೆ ಕಂಡದ್ದಕ್ಕೆ ದೇಹ ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡ್ ಬೇಕು. ಉತ್ತಮ ಒದೆತವೂ ಸರಿಸುಮಾರು ಅಷ್ಟೇ, ಇಲ್ಲವೇ ತುಸು ಹೆಚ್ಚು ಹೊತ್ತಿನಲ್ಲಿ ಮುಗಿದು ಹೋಗುತ್ತದೆ. ಹಾಗಿದ್ದರೆ ಎದುರಾಳಿ ತಪ್ಪಿಸಿಕೊಳ್ಳುವುದಾದರೂ ಹೇಗೆ? ಅವನು ನೋಡುವುದು ಬರುತ್ತಿರುವ ಪಾದವನ್ನಲ್ಲ, ಅದಕ್ಕೂ ಮುಂಚಿನ ಸುಳಿವನ್ನು. ಒದೆಯುವ ಮುನ್ನ ಹೆಗಲು ಕುಸಿಯುತ್ತದೆ, ಕೈಗಳು ಕೆಳಗಿಳಿಯುತ್ತವೆ, ಮೈಭಾರ ಒಂದು ಕಾಲಿಗೆ ವಾಲುತ್ತದೆ, ಕಣ್ಣು ಗುರಿಯ ಕಡೆಗೆ ಹೊರಳುತ್ತದೆ. ಕೆಲವರು ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಾರೆ. ಇಂತಹ ಒಂದು ಸುಳಿವು ಸಿಕ್ಕರೂ ಸಾಕು, ಅನುಭವಿ ಎದುರಾಳಿ ಹಿಂದೆ ಸರಿದಿರುತ್ತಾನೆ.

ಆದ್ದರಿಂದ ಕಾಲಿನ ವೇಗವನ್ನು ಹೆಚ್ಚಿಸುವುದಕ್ಕಿಂತ ಸುಳಿವನ್ನು ಅಳಿಸುವುದು ಸುಲಭ ಮತ್ತು ಬೇಗ ಫಲ ಕೊಡುವ ಮಾರ್ಗ. ಇದಕ್ಕೆ ಗೋಡೆಗನ್ನಡಿ ಬೇಕೆಂದಿಲ್ಲ, ಮನೆಯಲ್ಲಿರುವ ಮೊಬೈಲ್ ಸಾಕು. ಸಾಮಾನ್ಯ ಚಿತ್ರೀಕರಣದಲ್ಲಿ ಒಂದು ಸೆಕೆಂಡಿಗೆ 30 ಚೌಕಟ್ಟುಗಳಿರುತ್ತವೆ ಎಂದಿಟ್ಟುಕೊಳ್ಳಿ. ಒದೆತವನ್ನು ಚಿತ್ರೀಕರಿಸಿ, ಚೌಕಟ್ಟು ಚೌಕಟ್ಟಾಗಿ ನೋಡಿ. ಮೈ ಮೊದಲು ಅಲುಗಿದ ಚೌಕಟ್ಟಿನಿಂದ ಪಾದ ಗುರಿ ಮುಟ್ಟಿದ ಚೌಕಟ್ಟಿನವರೆಗೆ ಎಣಿಸಿ. 15 ಚೌಕಟ್ಟುಗಳಾದರೆ ಅರ್ಧ ಸೆಕೆಂಡ್. ಅವುಗಳಲ್ಲಿ ಎಷ್ಟು ಚೌಕಟ್ಟುಗಳು ಪಾದ ನೆಲ ಬಿಡುವುದಕ್ಕೆ ಮುಂಚಿನವು ಎಂಬುದನ್ನೂ ಗುರುತಿಸಿ. ವ್ಯರ್ಥವಾದ ಸಮಯ ಎಲ್ಲಿದೆ ಎಂಬುದು ತಾನೇ ತಿಳಿಯುತ್ತದೆ. ತಿಂಗಳಿಗೊಮ್ಮೆ ಇದೇ ಲೆಕ್ಕ ಬರೆದಿಟ್ಟರೆ ಪ್ರಗತಿಗೆ ಸಾಕ್ಷಿಯೂ ಸಿಗುತ್ತದೆ.

ಮಂಡಿ ಎತ್ತುವ ಕ್ರಮ ಇಲ್ಲಿ ಮತ್ತೆ ನೆರವಿಗೆ ಬರುತ್ತದೆ. ನೇರ ಒದೆತವಾಗಲಿ, ಪಕ್ಕದ ಒದೆತವಾಗಲಿ, ಕೊಕ್ಕೆಯಂತೆ ಹಿಂದಿರುಗುವ ಒದೆತವಾಗಲಿ ಎಲ್ಲವೂ ಒಂದೇ ಬಗೆಯ ಮಂಡಿ ಎತ್ತುವಿಕೆಯಿಂದ ಹೊರಟರೆ ಯಾವುದು ಬರಲಿದೆ ಎಂಬುದು ಕೊನೆಯ ಕ್ಷಣದವರೆಗೂ ಎದುರಾಳಿಗೆ ತಿಳಿಯದು.

ಅಂತರವೇ ನಿರ್ಣಾಯಕ

ಕುಮಿಟೆಯ ಅಂಕಣ 8 ಮೀಟರ್ ಉದ್ದ, 8 ಮೀಟರ್ ಅಗಲದ ಚೌಕ. ಆದರೆ ಪಂದ್ಯ ನಿರ್ಧಾರವಾಗುವುದು ಇಬ್ಬರ ನಡುವಿನ ಒಂದೆರಡು ಅಡಿ ಜಾಗದಲ್ಲಿ. ದೂರದಿಂದ ಹೊರಟ ಹಿಂಗಾಲಿನ ಒದೆತಕ್ಕೆ ಬಲ ಹೆಚ್ಚು, ದಾರಿಯೂ ಹೆಚ್ಚು. ಮುಂಗಾಲಿನ ಒದೆತಕ್ಕೆ ಬಲ ಕಡಿಮೆ, ದಾರಿಯೂ ಕಡಿಮೆ. ಬಲಕ್ಕಿಂತ ನಿಖರತೆಗೆ ಅಂಕ ಸಿಗುವ ಈ ಆಟದಲ್ಲಿ ಮುಂಗಾಲು ಬಹುಮಟ್ಟಿಗೆ ಲಾಭದಾಯಕ.

ಹಿಂದಿನ ಪಾದವನ್ನು ಮುಂದಿನ ಪಾದದ ಬಳಿಗೆ ಸದ್ದಿಲ್ಲದೆ ಎಳೆದುಕೊಂಡು, ಅದೇ ಓಟದಲ್ಲಿ ಮುಂಗಾಲನ್ನು ಎತ್ತುವುದು ಬಹಳ ಉಪಯುಕ್ತ ಹೆಜ್ಜೆ. ಇದರ ಜೊತೆಗೆ ಮುಂಗೈಯಿಂದ ಮುಖದ ಕಡೆಗೆ ಒಂದು ಹುಸಿ ಗುದ್ದು ತೋರಿಸಿದರೆ ಎದುರಾಳಿಯ ಕೈಗಳು ಮೇಲೇರುತ್ತವೆ, ಪಕ್ಕೆ ತೆರೆದುಕೊಳ್ಳುತ್ತದೆ. ಎದುರಾಳಿ ಮುನ್ನುಗ್ಗುವ ಕ್ಷಣವೂ ಒದೆತಕ್ಕೆ ಪ್ರಶಸ್ತ. ಆಗ ಅವನೇ ಅರ್ಧ ದಾರಿ ಸವೆಸಿ ಬಂದಿರುತ್ತಾನೆ. ನಿಧಾನದ ಒದೆತವೂ ಸರಿಯಾದ ಹೊತ್ತಿಗೆ ಹೊರಟರೆ ವೇಗದ್ದಾಗಿಯೇ ಕಾಣುತ್ತದೆ.

ಅಭ್ಯಾಸ ಹೀಗಿರಲಿ

ವೇಗದ ಅಭ್ಯಾಸಕ್ಕೂ ದಮ್ಮಿನ ಅಭ್ಯಾಸಕ್ಕೂ ವ್ಯತ್ಯಾಸವಿದೆ. ಸುಸ್ತಾದ ಕಾಲು ನಿಧಾನವಾಗಿ ಒದೆಯುತ್ತದೆ. ನಿಧಾನವಾಗಿ ನೂರು ಬಾರಿ ಒದ್ದರೆ ದೇಹ ಕಲಿಯುವುದು ನಿಧಾನವನ್ನೇ. ಕೆಳಗಿನ ಕ್ರಮವನ್ನು ಗುರುಗಳ ಸಮ್ಮುಖದಲ್ಲಿ ಅನುಸರಿಸಬಹುದು.

ಮೊದಲು 10ರಿಂದ 15 ನಿಮಿಷ ಮೈ ಬಿಸಿ ಮಾಡಿಕೊಳ್ಳಬೇಕು. ಹಗುರ ಓಟ, ಹಗ್ಗದಾಟ, ಮಂಡಿ ಎತ್ತಿ ನಡೆಯುವುದು, ಕಾಲನ್ನು ಹಿಡಿತದಲ್ಲಿಟ್ಟುಕೊಂಡು ಮುಂದಕ್ಕೂ ಪಕ್ಕಕ್ಕೂ ತೂಗುವುದು ಇದರಲ್ಲಿ ಸೇರಲಿ. ಕಾಲು ಚಾಚಿ ದೀರ್ಘಕಾಲ ಹಾಗೆಯೇ ಕುಳಿತುಕೊಳ್ಳುವ ವ್ಯಾಯಾಮ ಅಭ್ಯಾಸದ ಕೊನೆಗಿರಲಿ. ಸೆಣಸುವ ಮುನ್ನ ಸ್ನಾಯುವನ್ನು ದೀರ್ಘವಾಗಿ ಹಿಗ್ಗಿಸಿದರೆ ಅದರ ಚುರುಕು ತಾತ್ಕಾಲಿಕವಾಗಿ ತಗ್ಗುತ್ತದೆ.

ನಂತರ ಗೋಡೆಗೆ ಒಂದು ಕೈ ಊರಿ ಅತಿ ನಿಧಾನವಾಗಿ ಒದೆಯಬೇಕು. ಮಂಡಿ ಎತ್ತಲು ಮೂರು ಎಣಿಕೆ, ಚಾಚಲು ಮೂರು, ಮಡಿಸಲು ಮೂರು, ಇಳಿಸಲು ಮೂರು. ಪ್ರತಿ ಕಾಲಿಗೆ ಐದು ಬಾರಿ ಸಾಕು. ವೇಗ ಬೇಕಾದವನು ನಿಧಾನದಿಂದ ಆರಂಭಿಸಬೇಕೆಂಬುದು ವಿಚಿತ್ರವಾಗಿ ತೋರಬಹುದು. ಆದರೆ ನಿಧಾನದಲ್ಲಿ ತೂಕ ತಪ್ಪುವವನು ವೇಗದಲ್ಲಿ ತೂಕ ಹಿಡಿಯಲಾರ.

ಮೂರನೆಯದಾಗಿ ಪೂರ್ಣ ವೇಗದ ಒದೆತ. ಸಂಗಾತಿ ಮೆತ್ತೆ ಹಿಡಿದು ನಿಂತು, ಅನಿರೀಕ್ಷಿತ ಕ್ಷಣದಲ್ಲಿ ಅದನ್ನು ತೋರಿಸಬೇಕು. ಒಂದು ಸುತ್ತಿಗೆ ಐದಾರು ಒದೆತ, ಅನಂತರ ಉಸಿರು ಹದಕ್ಕೆ ಬರುವವರೆಗೆ ವಿಶ್ರಾಂತಿ. ನಾಲ್ಕೈದು ಸುತ್ತಿಗಿಂತ ಹೆಚ್ಚು ಬೇಡ. ಒದೆತದ ವೇಗ ಕುಗ್ಗಿದ್ದು ಕಂಡೊಡನೆ ಆ ದಿನದ ವೇಗಾಭ್ಯಾಸವನ್ನು ನಿಲ್ಲಿಸಬೇಕು. ಕಾಲು ಮೆತ್ತೆಯನ್ನು ತಾಕಿದ್ದಕ್ಕಲ್ಲ, ಮಡಿಸಿಕೊಂಡು ಹಿಂದಿರುಗಿದ್ದಕ್ಕೆ ಗುರುಗಳು ಶಹಬ್ಬಾಸ್ ಹೇಳಲಿ.

ವಾರದಲ್ಲಿ ಎರಡು ದಿನ ಬಲವರ್ಧನೆಗೆ ಮೀಸಲಿಡಬಹುದು. ಬಸ್ಕಿ, ಮುಂದೆ ಹೆಜ್ಜೆಯಿಟ್ಟು ಮಂಡಿ ಬಾಗಿಸುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ತುದಿಗಾಲಿನ ಮೇಲೆ ಏಳುವುದು, ಹೊಟ್ಟೆ ಮತ್ತು ನಡುವಿನ ವ್ಯಾಯಾಮ ಇಷ್ಟು ಸಾಕು. ಗರಡಿಮನೆಯ ಬಸ್ಕಿಯ ಪರಂಪರೆ ನಮ್ಮಲ್ಲಿ ಇರುವಾಗ ಇದಕ್ಕೆ ದುಬಾರಿ ಯಂತ್ರಗಳ ಅಗತ್ಯವಿಲ್ಲ. ಕಠಿಣ ಅಭ್ಯಾಸದ ಮರುದಿನ ಹಗುರ ಅಭ್ಯಾಸವಿರಲಿ. ಸ್ನಾಯು ಬೆಳೆಯುವುದು ವಿಶ್ರಾಂತಿಯಲ್ಲಿ.

ಇವುಗಳ ಬಗ್ಗೆ ಎಚ್ಚರ

ಹರಡಿಗೆ ಭಾರ ಕಟ್ಟಿಕೊಂಡು ಪೂರ್ಣ ವೇಗದಲ್ಲಿ ಗಾಳಿಗೆ ಒದೆಯುವುದು ಅಪಾಯಕಾರಿ. ಕಾಲು ಪೂರ್ತಿ ಚಾಚಿದ ಕ್ಷಣದಲ್ಲಿ ಆ ಭಾರವೆಲ್ಲ ಮಂಡಿಯ ಕೀಲನ್ನು ಸೆಳೆಯುತ್ತದೆ. ಭಾರ ಬೇಕೇ ಬೇಕೆಂದಾದರೆ ಮಂಡಿ ಎತ್ತುವ ನಿಧಾನದ ವ್ಯಾಯಾಮಕ್ಕೆ ಹಗುರವಾದ ರಬ್ಬರ್ ಪಟ್ಟಿ ಸಾಕು. ಗಾಳಿಗೆ ಒದೆಯುವಾಗಲೂ ಮಂಡಿಯನ್ನು ಕಟಕ್ಕನೆ ನೆಟ್ಟಗಾಗಿಸದೆ ತುಸು ಮಡಿಕೆ ಉಳಿಸಿಕೊಳ್ಳಬೇಕು.

ಬೆನ್ನಿನ ಮೇಲೆ ಮತ್ತೊಬ್ಬರನ್ನು ನಿಲ್ಲಿಸಿ ಮಕ್ಕಳ ಕಾಲು ಅಗಲಿಸುವ ಪದ್ಧತಿ ಎಲ್ಲಿದ್ದರೂ ನಿಲ್ಲಬೇಕು. ಹತ್ತರಿಂದ ಹದಿನೈದರ ವಯಸ್ಸಿನಲ್ಲಿ ಎಲುಬುಗಳು ಬೆಳೆಯುತ್ತಿರುತ್ತವೆ. ಆ ತುದಿಗಳು ಸ್ನಾಯುಗಳ ಸೆಳೆತಕ್ಕಿಂತ ದುರ್ಬಲ. ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋಯುವ ತೊಂದರೆ ಈ ವಯಸ್ಸಿನ ಆಟಗಾರರಲ್ಲಿ ಸಾಮಾನ್ಯ. ನೋವನ್ನು ನುಂಗಿಕೊಂಡು ಒದೆಯುವುದು ಶೌರ್ಯವಲ್ಲ. ನೋವು ಮುಂದುವರಿದರೆ ಅಭ್ಯಾಸವನ್ನು ತಗ್ಗಿಸಿ ವೈದ್ಯರಿಗೆ ತೋರಿಸಬೇಕು.

ನೆಲದ ವಿಷಯವೂ ಮುಖ್ಯ. ಸಿಮೆಂಟ್ ಅಥವಾ ಬಂಡೆ ಹಾಸಿನ ಮೇಲೆ ಬರಿಗಾಲಲ್ಲಿ ಜಿಗಿಯುವುದರಿಂದ ಹಿಮ್ಮಡಿ ಮತ್ತು ಮೊಣಕಾಲಿನ ಮುಂಭಾಗದ ಎಲುಬಿಗೆ ಪೆಟ್ಟು. ಹಾಸುವ ಮ್ಯಾಟ್ ಇಲ್ಲದ ಕಡೆ ಕಲ್ಲು ಆರಿಸಿ ಸಮಮಾಡಿದ ಮಣ್ಣಿನ ಅಂಗಳ ಸಿಮೆಂಟಿಗಿಂತ ಎಷ್ಟೋ ಮೇಲು. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಂತೂ ಅಭ್ಯಾಸ ನಸುಕಿನಲ್ಲಿ ಇಲ್ಲವೇ ಸಂಜೆ ಬಿಸಿಲಿಳಿದ ಮೇಲೆ ನಡೆಯಬೇಕು. ನೀರು ಕುಡಿಯುವುದಕ್ಕೆ ನಿರ್ಬಂಧ ಹೇರುವುದು ಶಿಸ್ತಲ್ಲ.

ಟೋಕಿಯೊ ಕಲಿಸಿದ ಪಾಠ

ಕರಾಟೆ ಒಲಿಂಪಿಕ್ಸ್ ಪದಕ ಕ್ರೀಡೆಯಾಗಿ ಕಾಣಿಸಿಕೊಂಡದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. 2024ರ ಪ್ಯಾರಿಸ್ ಕೂಟದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಟೋಕಿಯೊದಲ್ಲಿ ಆಗಸ್ಟ್ 7ರಂದು ನಡೆದ ಪುರುಷರ 75 ಕೆ.ಜಿ. ಮೇಲ್ಪಟ್ಟ ವಿಭಾಗದ ಫೈನಲ್ ಒದೆತದ ವೇಗವನ್ನು ಬಯಸುವ ಪ್ರತಿಯೊಬ್ಬರೂ ತಿಳಿಯಬೇಕಾದ ಪಂದ್ಯ. ಸೌದಿ ಅರೇಬಿಯಾದ ತಾರೆಗ್ ಹಮೇದಿ 4-1ರಿಂದ ಮುಂದಿದ್ದರು. ಆಗ ಅವರು ಬೀಸಿದ ಎತ್ತರದ ಒದೆತ ಇರಾನಿನ ಸಜ್ಜಾದ್ ಗಂಜ್‌ಝಾದೆಗೆ ಬಲವಾಗಿ ತಗುಲಿತು. ಗಂಜ್‌ಝಾದೆ ಪ್ರಜ್ಞೆ ತಪ್ಪಿ ನೆಲಕ್ಕುರುಳಿದರು. ಅವರನ್ನು ಸ್ಟ್ರೆಚರ್ ಮೇಲೆ ಹೊರಗೆ ಒಯ್ಯಲಾಯಿತು. ನಿಯಂತ್ರಣವಿಲ್ಲದ ಆಕ್ರಮಣವೆಂದು ತೀರ್ಮಾನಿಸಿದ ಅಧಿಕಾರಿಗಳು ಹಮೇದಿಯನ್ನು ಅನರ್ಹಗೊಳಿಸಿದರು. ನೆಲಕ್ಕೆ ಬಿದ್ದವರಿಗೆ ಚಿನ್ನ, ಬೀಳಿಸಿದವರಿಗೆ ಬೆಳ್ಳಿ ಎಂದಾಯಿತು.

ತೀರ್ಪಿನ ಬಗ್ಗೆ ಅಭಿಪ್ರಾಯಗಳು ಏನೇ ಇರಲಿ, ಅದರ ಹಿಂದಿನ ತತ್ವ ಸ್ಪಷ್ಟ. ಕಾಲನ್ನು ಕಳಿಸುವುದಷ್ಟೇ ಅಲ್ಲ, ನಿಲ್ಲಿಸುವುದೂ ವಿದ್ಯೆಯ ಭಾಗ. ಕಿರಿಯರ ವಿಭಾಗಗಳಲ್ಲಿ ತಲೆಗೆ ತಗುಲುವ ಪೆಟ್ಟಿನ ಬಗ್ಗೆ ನಿಯಮ ಇನ್ನಷ್ಟು ಬಿಗಿಯಾಗಿದೆ.

ಎಮ್ಮಿಗನೂರಿಗೆ ಹೆಚ್ಚು ದೂರವಿಲ್ಲದ ಹಂಪಿಯನ್ನೇ ನೆನೆದರೆ ಈ ಬದಲಾವಣೆ ಎಷ್ಟು ದೊಡ್ಡದೆಂಬುದು ಅರಿವಾಗುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮಲ್ಲಯುದ್ಧಗಳನ್ನು ಕಂಡು ಬರೆದಿದ್ದಾನೆ. ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖ ವಿರೂಪಗೊಳ್ಳುವಂತಹ ಪೆಟ್ಟುಗಳು ಅಲ್ಲಿ ಬೀಳುತ್ತಿದ್ದುವಂತೆ. ಅಂದು ಅದು ಅರಸನ ಮುಂದೆ ಮೆರೆದ ಪರಾಕ್ರಮ. ಇಂದಿನ ಅಂಕಣದಲ್ಲಿ ಅದೇ ಕೃತ್ಯ ಅನರ್ಹತೆಗೆ ಕಾರಣ. ಹೀಗಾಗಿ ಕೈಗವಸು, ಹಲ್ಲುರಕ್ಷೆ, ಎದೆಕವಚ, ಮೊಣಕಾಲು ಮತ್ತು ಪಾದದ ರಕ್ಷೆ ಇಲ್ಲದೆ ಮಕ್ಕಳನ್ನು ಸೆಣಸಾಟಕ್ಕೆ ಇಳಿಸಬಾರದು. ತಲೆಗೆ ಪೆಟ್ಟು ಬಿದ್ದು ತಲೆಸುತ್ತು, ವಾಂತಿ, ಮಂಪರು ಕಾಣಿಸಿಕೊಂಡರೆ ತಕ್ಷಣ ಆಟ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಂಕಣ ಬೇರೆ, ಬೀದಿ ಬೇರೆ

ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಎಂಬ ಮೂರು ತಿಂಗಳ ಕಾರ್ಯಕ್ರಮವಿದೆ. ಇಂತಹ ತರಬೇತಿಗಳ ಮೂಲಕವೇ ಕರಾಟೆ ಹಳ್ಳಿಯ ಶಾಲೆಗಳ ಅಂಗಳವನ್ನೂ ತಲುಪಿದೆ. ಅಲ್ಲಿ ಕಲಿಯುವ ಬಾಲಕಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು. ಮೂರು ಅಂಕ ತರುವ ತಲೆಯೆತ್ತರದ ಒದೆತ ಅಂಕಣದ ಆಸ್ತಿ. ಚಪ್ಪಲಿ ತೊಟ್ಟು, ಹೆಗಲಿಗೆ ಪುಸ್ತಕದ ಚೀಲ ಹಾಕಿಕೊಂಡು, ಒದ್ದೆಯಾದ ಹಾದಿಯಲ್ಲಿ ನಡೆಯುವಾಗ ಅದು ಅವಳನ್ನೇ ಬೀಳಿಸಬಹುದು. ಅಪಾಯದ ಹೊತ್ತಿನಲ್ಲಿ ಕೂಗುವುದು, ಬಿಡಿಸಿಕೊಳ್ಳುವುದು, ಮೊಣಕಾಲಿಗೋ ಮಂಡಿಗೋ ಒಂದು ಕೆಳಮಟ್ಟದ ಒದೆತ ಕೊಟ್ಟು ಓಡುವುದು ಇವೇ ಹೆಚ್ಚು ನಂಬಿಕೆಗೆ ಅರ್ಹ. ಮಂಡಿಗೆ ಒದೆಯುವುದು ಪಂದ್ಯದಲ್ಲಿ ನಿಷಿದ್ಧ, ಪ್ರಾಣರಕ್ಷಣೆಯಲ್ಲಿ ಅಲ್ಲ. ಈ ಭೇದವನ್ನು ತಿಳಿಸದೆ ಪದಕದ ಒದೆತವನ್ನಷ್ಟೇ ಕಲಿಸಿದರೆ ಆ ಮಗುವಿನಲ್ಲಿ ಹುಸಿ ಧೈರ್ಯ ತುಂಬಿದಂತಾಗುತ್ತದೆ.

ಹಾಗೆಂದು ಅಂಕಣದ ಅಭ್ಯಾಸ ವ್ಯರ್ಥವಲ್ಲ. ಅಂತರವನ್ನು ಅಳೆಯುವ ಕಣ್ಣು, ಬೆದರದ ಉಸಿರು, ತೂಕ ತಪ್ಪದ ಕಾಲು ಎರಡೂ ಕಡೆ ಬೇಕಾದುವೇ. ಇವು ಬರುವುದು ತಿಂಗಳುಗಟ್ಟಲೆಯ ತಾಳ್ಮೆಯಿಂದ.

ಮಗ ಅಥವಾ ಮಗಳನ್ನು ಕರಾಟೆ ತರಗತಿಗೆ ಸೇರಿಸಿರುವ ಓದುಗರು ಒಂದು ಸಂಜೆ ಅಂಗಳದ ಬದಿಯಲ್ಲಿ ನಿಂತು ನೋಡಬಹುದು. ಕಾಲು ಎಷ್ಟು ಎತ್ತರಕ್ಕೆ ಹೋಯಿತೆಂದು ಲೆಕ್ಕ ಹಾಕಬೇಡಿ. ಹೋದ ಕಾಲು ಮಡಿಸಿಕೊಂಡು ತನ್ನ ಜಾಗಕ್ಕೆ ಮರಳಿತೇ, ಮರಳಿದಾಗ ಮಗು ನೆಟ್ಟಗೆ ನಿಂತಿತ್ತೇ ಎಂಬುದನ್ನು ಗಮನಿಸಿ. ಹೌದಾದರೆ ಕಲಿಕೆ ಸರಿಯಾದ ದಾರಿಯಲ್ಲಿದೆ. ವೇಗ ತಾನಾಗಿಯೇ ಬರುತ್ತದೆ.